ಪೀಠದ ಮೇಲಿನ ಮಾತಿಗೆ ದೂರು ಎಲ್ಲಿ?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬುದು ಗಾದೆ. ಗೆಲುವು ಸೋಲಿನ ಮಾತು ಹಾಗಿರಲಿ. ನ್ಯಾಯ ಕೇಳಲು ಹೋದ ಹೆಣ್ಣುಮಗಳಿಗೆ ನ್ಯಾಯಾಧೀಶರ ಬಾಯಿಂದಲೇ ಕೀಳುಮಾತು ಬಂದರೆ ಆಕೆ ಏನು ಮಾಡಬೇಕು? ‘ತುಟಿ ಬಿಚ್ಚಿದರೆ ನಿಂದನೆ ಕೇಸು, ಜೈಲು’ ಎಂದು ಹೆದರಿ ಸುಮ್ಮನಾಗುವವರೇ ಹೆಚ್ಚು. ಈ ಹೆದರಿಕೆ ಪೂರ್ತಿ ನಿಜವಲ್ಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 6ನೇ ಕಲಮಿನ ಪ್ರಕಾರ, ಕೆಳ ನ್ಯಾಯಾಲಯದ ನ್ಯಾಯಾಧೀಶರ ಬಗ್ಗೆ ಸದ್ಭಾವನೆಯಿಂದ ಹೈಕೋರ್ಟಿಗೆ ಕೊಟ್ಟ ಹೇಳಿಕೆ ನಿಂದನೆಯಲ್ಲ. ಅದನ್ನೇ ಕರಪತ್ರ ಮಾಡಿ ಹಂಚಿದರೆ ಈ ರಕ್ಷಣೆ ಇಲ್ಲ.

ತೀರ್ಪು ತಪ್ಪೆನಿಸಿದರೆ ಹಾದಿ ಬೇರೆ. ಅದಕ್ಕೆ ಮೇಲ್ಮನವಿ ಇದೆ. ದೂರು ಕೊಡುವುದು ನಡತೆಯ ಮೇಲೆ: ಲಂಚ, ಬೈಗುಳ, ಜಾತಿ ಧರ್ಮ ಎತ್ತಿ ಆಡಿದ ಮಾತು. ಸೋತ ಸಿಟ್ಟಿನಲ್ಲಿ ಬರೆದ ದೂರುಗಳು ಮೂಲೆ ಸೇರುತ್ತವೆ, ಸೇರಬೇಕಾದ್ದೇ. ಪ್ರತಿ ತೀರ್ಪಿಗೂ ದೂರಿನ ಭಯವಿದ್ದರೆ ಬಲಾಢ್ಯರ ವಿರುದ್ಧ ತೀರ್ಪು ಬರೆಯುವವರು ಯಾರು? ದೂರು ಕೊಟ್ಟ ಮಾತ್ರಕ್ಕೆ ಮೇಲ್ಮನವಿಯ ಗಡುವು ನಿಲ್ಲುವುದಿಲ್ಲ ಎಂಬುದೂ ನೆನಪಿರಲಿ.

ಹೈಕೋರ್ಟು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳನ್ನು ತೆಗೆಯಲು ಸಂಸತ್ತಿನ ಎರಡೂ ಸದನಗಳು ಒಪ್ಪಬೇಕು. 1993ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ವಿ. ರಾಮಸ್ವಾಮಿ ಅವರ ವಿರುದ್ಧದ ನಿರ್ಣಯಕ್ಕೆ ಲೋಕಸಭೆಯಲ್ಲಿ ಪರವಾಗಿ 196 ಮತ ಬಂತು, ವಿರುದ್ಧ ಒಂದೂ ಇಲ್ಲ. 205 ಮಂದಿ ಮತವನ್ನೇ ಹಾಕದೆ ಕುಳಿತರು, ನಿರ್ಣಯ ಬಿದ್ದುಹೋಯಿತು! ಆದರೆ ಎಲ್ಲವೂ ಅಲ್ಲಿಯವರೆಗೆ ಹೋಗಬೇಕಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾ. ವಿ. ಶ್ರೀಶಾನಂದ ಅವರು ಕಲಾಪದಲ್ಲಿ ಆಡಿದ ಮಾತುಗಳು ನೇರಪ್ರಸಾರದ ವಿಡಿಯೊದಿಂದ ಎಲ್ಲೆಡೆ ಹರಡಿದವು. ಸುಪ್ರೀಂ ಕೋರ್ಟು ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ಅವರು ತೆರೆದ ನ್ಯಾಯಾಲಯದಲ್ಲಿ ವಿಷಾದ ಹೇಳಿದ ಮೇಲೆ ಪ್ರಕರಣ ಮುಗಿಯಿತು.

ಅಲ್ಲಿ ವಿಡಿಯೊ ಇತ್ತು. ತಾಲ್ಲೂಕು ಕೋರ್ಟಿನ ಕಕ್ಷಿದಾರನಿಗೆ ಅದು ಸಿಗುವುದು ಕಷ್ಟ, ಅನುಮತಿಯಿಲ್ಲದೆ ಮೊಬೈಲಿನಲ್ಲಿ ಹಿಡಿಯುವಂತೆಯೂ ಇಲ್ಲ. ಸಂವಿಧಾನದ 235ನೇ ವಿಧಿಯಂತೆ ಕೆಳ ನ್ಯಾಯಾಲಯಗಳು ಹೈಕೋರ್ಟಿನ ಹತೋಟಿಯಲ್ಲಿವೆ. ಹಾಗಾಗಿ ದೂರು ಹೋಗಬೇಕಾದ್ದು ಮಂತ್ರಿಗಳಿಗಲ್ಲ, ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅವರಿಗೆ. ಪ್ರಮಾಣ ಮಾಡಿದ ಅಫಿಡವಿಟ್ಟು, ಪರಿಶೀಲಿಸಬಹುದಾದ ಆಧಾರ ಎರಡೂ ಇರಬೇಕೆಂದು 2014ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳು ಹೈಕೋರ್ಟುಗಳಿಗೆ ಬರೆದಿದ್ದರು. ಹೆಸರಿಲ್ಲದ ಅರ್ಜಿ ಬರೆದು ಪ್ರಯೋಜನವಿಲ್ಲ.

ಪ್ರಯೋಗದ ರೆಕಾರ್ಡ್ ಬರೆಯುವ ವಿದ್ಯಾರ್ಥಿಗಳಿಗೆ ಇದು ಹೊಸದೇನಲ್ಲ. ಅಯೋಡಿನ್ ಹಾಕಿದಾಗ ‘ಕಡುನೀಲಿ ಬಣ್ಣ ಬಂತು’ ಎಂಬುದು ವೀಕ್ಷಣೆ, ‘ಪಿಷ್ಟವಿದೆ’ ಎಂಬುದು ತೀರ್ಮಾನ. ‘ಸಾಹೇಬರು ಪಕ್ಷಪಾತಿ’ ಎಂಬುದೂ ತೀರ್ಮಾನವೇ. ‘ಇಂಥ ದಿನ, ಇಷ್ಟು ಗಂಟೆಗೆ, ಇಂಥ ನಂಬರಿನ ಕೇಸಿನಲ್ಲಿ ನನ್ನನ್ನು ಈ ಶಬ್ದದಿಂದ ಕರೆದರು, ಪಕ್ಕದಲ್ಲಿ ಇಂಥವರಿದ್ದರು’ ಎಂಬುದು ವೀಕ್ಷಣೆ. ದೂರಿಗೆ ಬೇಕಾದ್ದು ಇದು. ಕೋರ್ಟಿನಿಂದ ಹೊರಬಂದ ಕೂಡಲೇ ಜಗುಲಿಯಲ್ಲೇ ಕುಳಿತು, ಆಡಿದ ಮಾತನ್ನು ಆಡಿದ ಹಾಗೇ ಬರೆದಿಡಬೇಕು. ಸಂಜೆಯ ಹೊತ್ತಿಗೆ ನಾಲ್ಕು ಮಾತು ಮರೆತು, ಎರಡು ಮಾತು ಸೇರಿಕೊಂಡಿರುತ್ತವೆ. ಅಜ್ಜಿಗೆ ಅಕ್ಷರ ಬಾರದಿದ್ದರೆ ಜೊತೆಗೆ ಹೋದ ಮೊಮ್ಮಗಳೇ ಬರೆದುಕೊಡಬಹುದು.