ತೆರೆಯ ಅಲಂಕಾರ ಮತ್ತು ಅಂಗಡಿಯ ಲೆಕ್ಕ
ಮುಕ್ತ ತಂತ್ರಾಂಶದ ಐಚ್ಛಿಕ ಸೊಬಗು: ವರ್ತಕರ ದೃಷ್ಟಿಯಲ್ಲಿ ಒಂದು ವಿವೇಚನೆ

2025ರ ಅಕ್ಟೋಬರ್ 14ರಂದು ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಯ ಸಾಮಾನ್ಯ ಬೆಂಬಲ ಅವಧಿ ಮುಕ್ತಾಯಗೊಂಡಿತು. ವಿಂಡೋಸ್ 11 ಅಳವಡಿಸಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇತ್ತೀಚಿನ ಪ್ರೊಸೆಸರ್ ಕೂಡ ಅವಶ್ಯಕ. ಹನಗೋಡಿನ ಗೊಬ್ಬರದ ಅಂಗಡಿಯಾಗಲಿ, ಹುಣಸೂರಿನ ಸಾಮಿಲ್ ಆಗಲಿ, ಕೆ.ಆರ್. ನಗರದ ಅಕ್ಕಿ ಗಿರಣಿಯಾಗಲಿ, ಸುಸ್ಥಿತಿಯಲ್ಲಿರುವ ಹಳೆಯ ಗಣಕಯಂತ್ರವನ್ನು ಏನು ಮಾಡಬೇಕೆಂಬುದು ಇಂದು ಎದುರಾಗಿರುವ ಪ್ರಶ್ನೆ. ಹೊಸ ಯಂತ್ರ ಕೊಳ್ಳುವುದು ಒಂದು ಮಾರ್ಗ. ಪರವಾನಗಿ ಶುಲ್ಕವಿಲ್ಲದ ಲಿನಕ್ಸ್ ಅನ್ನು ಹಳೆಯ ಯಂತ್ರದಲ್ಲಿಯೇ ಅಳವಡಿಸುವುದು ಇನ್ನೊಂದು.

ಎರಡನೆಯ ಮಾರ್ಗ ಹಿಡಿದವರಿಗೆ ಮೊದಲು ಎದುರಾಗುವುದು ಆಯ್ಕೆಗಳ ಸಂತೆ. ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಒಂದಲ್ಲ, ಹಲವು. ಕೆಲವು ಸರಳ, ಕೆಲವು ಸಾಲಂಕೃತ. ಪಾರದರ್ಶಕ ಕಿಟಕಿಗಳು, ನೆರಳು, ಚಲನೆ ಮೊದಲಾದ ಸೊಬಗುಗಳನ್ನು ಇರಿಸಿಕೊಳ್ಳಬೇಕೆ, ಬಿಡಬೇಕೆ ಎಂಬ ತೀರ್ಮಾನ ಬಳಕೆದಾರನದು. ಈ ತೀರ್ಮಾನಕ್ಕೆ ಖರ್ಚು ಉಂಟೆಂಬುದನ್ನು ವರ್ತಕರು ಗಮನಿಸಬೇಕು.

ಚರ್ಚೆಯ ಹಿನ್ನೆಲೆ

2006ರಲ್ಲಿ ನೊವೆಲ್ ಸಂಸ್ಥೆಯಿಂದ ಹೊರಬಂದ ಕಾಂಪಿಜ್ ಎಂಬ ತಂತ್ರಾಂಶವು ಲಿನಕ್ಸ್‌ನ ತೆರೆಯನ್ನು ತಿರುಗುವ ಘನಾಕೃತಿಯಂತೆ ತೋರಿಸಿತು. ಕಿಟಕಿಗಳು ಅಲುಗಾಡುವಂತೆ ಮಾಡಿತು. 2007ರ ಏಪ್ರಿಲ್‌ನಲ್ಲಿ ಬಂದ ಉಬುಂಟು 7.04 ಆವೃತ್ತಿಯಲ್ಲಿ ಈ ಸೊಬಗು ಬೇಕಾದವರು ಮಾತ್ರ ಚಾಲನೆಗೊಳಿಸಿಕೊಳ್ಳುವ ಐಚ್ಛಿಕ ಸೌಲಭ್ಯವಾಗಿತ್ತು. ಅದೇ ವರ್ಷದ ಅಕ್ಟೋಬರ್‌ನ 7.10 ಆವೃತ್ತಿಯಲ್ಲಿ, ಯಂತ್ರಕ್ಕೆ ಶಕ್ತಿಯಿದ್ದಲ್ಲಿ, ಅದು ತಾನಾಗಿಯೇ ಚಾಲನೆಗೊಳ್ಳುವಂತಾಯಿತು. ಐಚ್ಛಿಕವಾಗಿದ್ದುದು ರೂಢಿಯಾಗಲು ಆರು ತಿಂಗಳು ಸಾಕಾಯಿತು.

2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಬಂದಾಗ ವಿವಾದ ಉಗ್ರವಾಯಿತು. ಬಳಕೆದಾರರಿಗೆ ಒಗ್ಗಿದ್ದ ವಿನ್ಯಾಸವೇ ಬದಲಾಗಿ, ಹಲವು ಆಯ್ಕೆಗಳು ಕಣ್ಮರೆಯಾದವು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರೇ ಅದನ್ನು ಕಟುವಾಗಿ ಟೀಕಿಸಿ, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್‌ಗೆ ಬದಲಾಯಿಸಿಕೊಂಡರು. ಹಳೆಯ ವಿನ್ಯಾಸವನ್ನು ಉಳಿಸಿಕೊಳ್ಳಲೆಂದು ಮಾಟೆ ಎಂಬ ಕವಲು ಹುಟ್ಟಿತು. ಮೂಲ ಸಂಕೇತ ಎಲ್ಲರಿಗೂ ಮುಕ್ತವಾಗಿರುವ ಕಾರಣ ಇಂತಹ ಕವಲು ಸಾಧ್ಯ. ಮಾರಾಟಗಾರನ ತೀರ್ಮಾನಕ್ಕೆ ತಲೆಬಾಗಲೇಬೇಕಾದ ಸ್ಥಿತಿ ಇಲ್ಲಿಲ್ಲ.

ಎರಡೂ ಪಕ್ಷಗಳ ವಾದ

ಆಯ್ಕೆ ಹೆಚ್ಚಿದಷ್ಟೂ ಒಳಿತೆಂಬ ವಾದ ಮೇಲ್ನೋಟಕ್ಕೆ ಸರಿ. ಆದರೆ ಗ್ನೋಮ್ ತಂತ್ರಜ್ಞ ಹ್ಯಾವಕ್ ಪೆನಿಂಗ್ಟನ್ ಅವರು 2002ರಲ್ಲಿಯೇ, ಪ್ರತಿಯೊಂದು ಆಯ್ಕೆಗೂ ಬೆಲೆಯುಂಟೆಂದು ವಾದಿಸಿದ್ದರು. ಲೆಕ್ಕ ಸುಲಭ. ಇರಿಸುವ ಅಥವಾ ಬಿಡುವ ಹತ್ತು ಆಯ್ಕೆಗಳಿದ್ದರೆ 1,024 ವಿಧದ ಜೋಡಣೆಗಳಾಗುತ್ತವೆ. ಅವೆಲ್ಲವನ್ನೂ ಪರೀಕ್ಷಿಸುವುದು ಸ್ವಯಂಸೇವಕರಿಗೆ ಅಸಾಧ್ಯ. ದೋಷ ಎಲ್ಲೋ ಒಂದೆಡೆ ಅಡಗಿ ಉಳಿಯುತ್ತದೆ. ಪ್ರತಿಪಕ್ಷದವರ ಮಾತೂ ತೂಕದ್ದೇ: ಬಳಕೆದಾರನ ಕೆಲಸ ಏನೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅಲಂಕಾರವೆಂದು ತಳ್ಳಿಹಾಕುವ ಮುನ್ನ ಇನ್ನೊಂದು ಭೇದವನ್ನು ಅರಿಯಬೇಕು. ಅಕ್ಷರದ ಗಾತ್ರ, ಬಣ್ಣಗಳ ವ್ಯತ್ಯಾಸ, ದೊಡ್ಡ ಸೂಚಕ ಇವು ತೋರಿಕೆಗೆ ಸೊಬಗು. ಕನ್ನಡಕ ಧರಿಸುವ ಗುಮಾಸ್ತನಿಗೆ ಇವು ಅವಶ್ಯಕತೆ. 3ನ್ನು 8 ಎಂದು ಓದಿ ಮಾಡುವ ತಪ್ಪನ್ನು ಇವು ತಡೆಯುತ್ತವೆ. ಕನ್ನಡ ಲಿಪಿಯೂ ಅಲಂಕಾರವಲ್ಲ. ಒತ್ತಕ್ಷರ ಸರಿಯಾಗಿ ಮೂಡದ ಫಾಂಟ್‌ನಲ್ಲಿ ರೈತನ ಹೆಸರನ್ನು ಮುದ್ರಿಸಿದ ರಸೀದಿ ತಕರಾರಿಗೆ ದಾರಿ. ಈ ಅಗತ್ಯಕ್ಕೆ ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟ್‌ಗಳು ಲಭ್ಯ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ಬಳಸುವವರಿಗೆ ಪರಿಚಿತವಾದ ಕೀಲಿಮಣೆ ವಿನ್ಯಾಸವು 'ಕಗಪ' ಎಂಬ ಹೆಸರಿನಲ್ಲಿ ಲಿನಕ್ಸ್‌ನಲ್ಲಿಯೂ ಇದೆ.

ಲೆಕ್ಕ ಹಾಕುವ ಬಗೆ

ಹಳೆಯ ಯಂತ್ರದಲ್ಲಿ ಭಾರವಾದ ಡೆಸ್ಕ್‌ಟಾಪ್ ಅಳವಡಿಸಿದರೆ ಸ್ಮೃತಿ ಸಾಲದೆ ಕೆಲಸ ನಿಧಾನವಾಗುತ್ತದೆ. ಒಂದು ಬಿಲ್ಲಿಗೆ ಹತ್ತು ಸೆಕೆಂಡು ತಡವಾಯಿತೆಂದಿಟ್ಟುಕೊಳ್ಳೋಣ. ಮುಂಗಾರಿಗೆ ಮುನ್ನ ಗೊಬ್ಬರದ ಅಂಗಡಿಯಲ್ಲಿ ದಿನಕ್ಕೆ 150 ಬಿಲ್ಲುಗಳಾದರೆ 25 ನಿಮಿಷ. ತಿಂಗಳ 26 ಕೆಲಸದ ದಿನಗಳಿಗೆ ಸುಮಾರು ಹನ್ನೊಂದು ಗಂಟೆ. ತಂಬಾಕು ಹರಾಜು ಆರಂಭವಾಗಿ ಹಳೆಯ ಬಾಕಿ ತೀರಿಸಲು ರೈತರು ಸಾಲಾಗಿ ನಿಂತಾಗ ಈ ಹತ್ತು ಸೆಕೆಂಡುಗಳೇ ದೊಡ್ಡವು. ಪಾರದರ್ಶಕ ಕಿಟಕಿಯಿಂದ ಅಂಗಡಿಗೆ ಬಂದ ಆದಾಯ ಎಷ್ಟೆಂದು ಯಾವ ಖಾತೆಯೂ ಹೇಳುವುದಿಲ್ಲ. ಕಳೆದ ಸಮಯ ಮಾತ್ರ ವೇತನದ ಖಾತೆಯಲ್ಲಿ ಅಡಗಿ ಕೂರುತ್ತದೆ.

ಉದಾಹರಣೆಗೆ, ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿಬಿ ಸ್ಮೃತಿ ಸಾಕು, 4 ಜಿಬಿ ಇದ್ದರೆ ಅನುಕೂಲ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ರೂಪಗಳಲ್ಲಿ ಅದು ದೊರೆಯುತ್ತದೆ. ಹಳೆಯ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಹೊಂದುತ್ತದೆ. ಅದರಲ್ಲಿಯೂ ನೆರಳು ಮತ್ತು ಪಾರದರ್ಶಕತೆಯನ್ನು ಆರಿಸಿಬಿಡಬಹುದು.

ಬದಲಾವಣೆಗೆ ಮುನ್ನ

1. ಟ್ಯಾಲಿ ತಂತ್ರಾಂಶವು ವಿಂಡೋಸ್‌ಗಾಗಿ ನಿರ್ಮಿತವಾದುದು. ಅದನ್ನು ಬಳಸುವವರು ಲೆಕ್ಕಪತ್ರಕ್ಕೆ ಒಂದು ಯಂತ್ರವನ್ನು ವಿಂಡೋಸ್‌ನಲ್ಲಿಯೇ ಇರಿಸಿಕೊಂಡು, ಪತ್ರವ್ಯವಹಾರ, ಬ್ರೌಸರ್ ಮೂಲಕ ನಡೆಯುವ ಬಿಲ್ಲಿಂಗ್ ಮೊದಲಾದ ಕೆಲಸಗಳಿಗೆ ಮಾತ್ರ ಉಳಿದ ಯಂತ್ರಗಳನ್ನು ಬದಲಾಯಿಸುವುದು ಕ್ಷೇಮ.

2. ಪೆನ್‌ಡ್ರೈವ್‌ನಿಂದ ಲಿನಕ್ಸ್ ಚಾಲನೆಗೊಳಿಸಿ, ಡಿಜಿಟಲ್ ಸಹಿಯ ಟೋಕನ್ ಹಾಗೂ ಮುದ್ರಕ ಕೆಲಸ ಮಾಡುವವೇ ಎಂದು ಮೊದಲು ಪರೀಕ್ಷಿಸಬೇಕು. ಇದಕ್ಕೆ ಡಿಸ್ಕ್‌ನಲ್ಲಿರುವ ದತ್ತಾಂಶವನ್ನು ಅಳಿಸಬೇಕಿಲ್ಲ. ಆದರೂ ಪ್ರತಿ ತೆಗೆದಿರಿಸುವುದು ಕಡ್ಡಾಯವೆಂದೇ ತಿಳಿಯಬೇಕು.

3. ಯುನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳು ನೇರವಾಗಿ ಓದಲಾಗುವುದಿಲ್ಲ, ಅವನ್ನು ಪರಿವರ್ತಿಸಿಕೊಳ್ಳಬೇಕು.

4. ಎಲ್ಲ ಯಂತ್ರಗಳಲ್ಲಿಯೂ ಒಂದೇ ಬಗೆಯ ತೆರೆ ಇರಲಿ. ಪ್ರತಿಯೊಬ್ಬ ನೌಕರನೂ ತನಗಿಷ್ಟವಾದಂತೆ ಬದಲಾಯಿಸಿಕೊಂಡರೆ, ಒಬ್ಬರು ರಜೆಯಲ್ಲಿದ್ದ ದಿನ ಇನ್ನೊಬ್ಬರಿಗೆ ಆ ಯಂತ್ರ ಅಪರಿಚಿತವಾಗುತ್ತದೆ. ಅಕ್ಷರದ ಗಾತ್ರಕ್ಕೆ ಮಾತ್ರ ವಿನಾಯಿತಿ ಇರಲಿ.

ಸೊಬಗಿನ ಬಗೆಗೆ ತಂತ್ರಜ್ಞರ ಚರ್ಚೆ ಇಂದಿಗೂ ಮುಗಿದಿಲ್ಲ. ವರ್ತಕನು ಅದು ಇತ್ಯರ್ಥವಾಗುವವರೆಗೆ ಕಾಯಬೇಕಿಲ್ಲ. ತಪ್ಪನ್ನು ತಗ್ಗಿಸುವ ಸೌಲಭ್ಯವನ್ನು ಉಳಿಸಿಕೊಂಡು, ಸಮಯವನ್ನು ನುಂಗುವುದನ್ನು ಆರಿಸಿಬಿಡುವುದೇ ಜಾಣತನ. ಮುಕ್ತ ತಂತ್ರಾಂಶವು ಈ ಆಯ್ಕೆಯ ಕೀಲಿಕೈಯನ್ನು ಅಂಗಡಿಯ ಮಾಲೀಕನ ಕೈಗೇ ಕೊಟ್ಟಿದೆ.