ಕಣ್ಣಿನಿಂದ ಕಲಿಯುವ ಭಾಷೆ

ಕನ್ನಡಿಯ ಮುಂದೆ ನಿಂತು, ಧ್ವನಿ ಹೊರಡಿಸದೆ, ‘ಪಾವು’, ‘ಬಾವು’, ‘ಮಾವು’ ಎಂಬ ಮೂರು ಪದಗಳನ್ನು ತುಟಿಗಳಿಂದ ಮಾತ್ರ ಉಚ್ಚರಿಸಿ ನೋಡಿರಿ. ಮೂರರಲ್ಲಿಯೂ ತುಟಿಗಳ ಚಲನೆ ಒಂದೇ. ‘ಬ’ಕಾರದಲ್ಲಿ ಗಂಟಲಿನ ಧ್ವನಿತಂತುಗಳು ಕಂಪಿಸುತ್ತವೆ, ‘ಮ’ಕಾರದಲ್ಲಿ ಆ ಕಂಪನದೊಡನೆ ಉಸಿರು ಮೂಗಿನಿಂದಲೂ ಹೊರಡುತ್ತದೆ. ಇವು ಕಿವಿಗೆ ತಿಳಿಯುವ ಭೇದಗಳೇ ಹೊರತು ಕಣ್ಣಿಗೆ ಕಾಣುವಂಥವಲ್ಲ. ಹುಟ್ಟುಕಿವುಡಾದ ಮಗುವು ಶಿಕ್ಷಕರ ತುಟಿಗಳನ್ನು ನೋಡಿಯೇ ಪಾಠವನ್ನು ಗ್ರಹಿಸುವುದು ಎಷ್ಟು ಕಷ್ಟವೆಂಬುದು ಈ ಸಣ್ಣ ಪ್ರಯೋಗದಿಂದ ವಿದಿತವಾಗುತ್ತದೆ.

ಆದರೂ 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ನೆರೆದ ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನವು, ಬಾಯಿಮಾತಿನ ಪದ್ಧತಿಯೇ ಶ್ರೇಷ್ಠವೆಂದು ನಿರ್ಣಯಿಸಿತು. ಕೈಸನ್ನೆಯನ್ನು ಬಳಸಿದರೆ ಮಗು ಮಾತು ಕಲಿಯದೆಂಬುದು ಆಗಿನ ನಂಬಿಕೆ. ಇದರಿಂದ ಅನೇಕ ದೇಶಗಳ ಶಾಲೆಗಳಲ್ಲಿ ಸಂಜ್ಞಾಭಾಷೆ ಹೊರಬಿದ್ದಿತು. ಪಾಠಕ್ಕೆ ಸಲ್ಲಬೇಕಾದ ವೇಳೆ ಉಚ್ಚಾರಣೆಯ ಅಭ್ಯಾಸದಲ್ಲಿಯೇ ಕಳೆಯಿತು.

1960ರಲ್ಲಿ ಅಮೆರಿಕದ ಗ್ಯಾಲೊಡೆಟ್ ಕಾಲೇಜಿನ ವಿಲಿಯಂ ಸ್ಟೋಕಿಯವರು ಈ ಸಂಜ್ಞೆಗಳನ್ನು ವಿಶ್ಲೇಷಿಸಿದರು. ಧ್ವನಿಗಳು ಸೇರಿ ಪದವಾಗುವಂತೆಯೇ, ಕೈಯ ಆಕಾರ, ಸ್ಥಾನ, ಚಲನೆಗಳು ಸೇರಿ ಸಂಜ್ಞೆಯಾಗುತ್ತದೆಂದು ತೋರಿಸಿದರು. ಸಂಜ್ಞಾಭಾಷೆಗೆ ತನ್ನದೇ ವ್ಯಾಕರಣವಿದೆ. ಅದು ಅಭಿನಯವಲ್ಲ, ಭಾಷೆ.

ಹಾಗಾದರೆ ಸರ್ಕಾರದ ಮಾನ್ಯತೆ ಏತಕ್ಕೆ? ಭಾಷೆಯನ್ನು ಸುಲಭವಾಗಿ ಗ್ರಹಿಸುವ ಶಕ್ತಿ ಮಿದುಳಿಗೆ ಎಳವೆಯಲ್ಲಿ ಹೆಚ್ಚು; ಭಾಷೆ ಕಿವಿಯಿಂದ ಬರಲಿ, ಕಣ್ಣಿನಿಂದ ಬರಲಿ, ಅದಕ್ಕೆ ಸಮ್ಮತವೇ. ಇತರ ಮಕ್ಕಳಿಗೆ ತಾಯ್ನುಡಿ ಮನೆಯಲ್ಲಿಯೇ ದೊರೆಯುತ್ತದೆ. ಆದರೆ ಕಿವುಡ ಮಕ್ಕಳಲ್ಲಿ ಬಹುಮಂದಿಯ ತಂದೆತಾಯಿಗಳು ಕಿವಿ ಕೇಳುವವರು, ಸಂಜ್ಞಾಭಾಷೆಯನ್ನರಿಯದವರು. ಆ ಭಾಷೆಯನ್ನು ಮಗುವಿಗೂ ಮನೆಯವರಿಗೂ ಸಕಾಲದಲ್ಲಿ ಮುಟ್ಟಿಸಬೇಕಾದದ್ದು ಸಮಾಜ. ಶ್ರವಣಯಂತ್ರಗಳು ಇಂದು ಅನೇಕರಿಗೆ ನೆರವಾಗುತ್ತಿರುವುದು ನಿಜ; ಆದರೆ ಅವುಗಳ ಫಲ ಎಲ್ಲ ಮಕ್ಕಳಿಗೂ ಒಂದೇ ಸಮನಲ್ಲ.

ಸ್ವೀಡನ್ನಿನ ಉದಾಹರಣೆಯನ್ನು ನೋಡೋಣ. ಅಲ್ಲಿನ ಸಂಸತ್ತು 1981ರಲ್ಲಿ ಸಂಜ್ಞಾಭಾಷೆಯನ್ನು ಮಾನ್ಯ ಮಾಡಿತು. 1983ರ ಪಠ್ಯಕ್ರಮದಲ್ಲಿ ಅದು ಕಿವುಡ ಮಕ್ಕಳ ಶಾಲೆಗಳ ಬೋಧನಾ ಭಾಷೆಯಾಯಿತು. ಸ್ವೀಡಿಷ್ ಭಾಷೆಯನ್ನು ಓದುಬರಹದ ಮೂಲಕ ಎರಡನೆಯ ಭಾಷೆಯಾಗಿ ಕಲಿಸತೊಡಗಿದರು. ಒಂದು ಭಾಷೆ ನೆಲೆಗೊಂಡ ಮೇಲೆ ಇನ್ನೊಂದಕ್ಕೆ ಅದೇ ಮೆಟ್ಟಿಲಾಗುತ್ತದೆಂಬುದು ಇದರ ತತ್ತ್ವ. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ಅದೇ ಪರಂಪರೆಯ ಸಮ್ಮೇಳನವು ಮಿಲಾನಿನ ನಿರ್ಣಯಗಳನ್ನು ತಿರಸ್ಕರಿಸಿತು.

ನಮ್ಮ ದೇಶದಲ್ಲಿ 2015ರಲ್ಲಿ ಭಾರತೀಯ ಸಂಜ್ಞಾಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರವು ದೆಹಲಿಯಲ್ಲಿ ಸ್ಥಾಪಿತವಾಯಿತು. ಕಿವುಡರಿಗೆ ತಕ್ಕ ಭಾಷೆಯಲ್ಲಿ ಶಿಕ್ಷಣ ದೊರೆಯಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ವಿಧಿಸಿದೆ. ಶಾಲಾ ಪಠ್ಯಗಳನ್ನು ಸಂಜ್ಞಾಭಾಷೆಗೆ ತರುವ ಒಪ್ಪಂದವೂ 2020ರಲ್ಲಿ ಆಯಿತು. ಆದರೆ ಕಾಯಿದೆ ತಾನಾಗಿ ಪಾಠ ಹೇಳಲಾರದು. ಆ ಭಾಷೆಯನ್ನು ಬಲ್ಲ ಶಿಕ್ಷಕರು ತರಗತಿಗೆ ಬಂದಾಗಲೇ ಮಗುವಿನ ಪಾಲಿಗೆ ಮಾನ್ಯತೆ ಸಾರ್ಥಕವಾಗುವುದು.