ಮಗುವಿಗೆ ಮೊದಲ ಜಾದೂ ಯಾವುದು ಕಲಿಸೋಣ?

ಊರಿಗೆ ಹೊರಡುವ ವಾರ ಪೆಟ್ಟಿಗೆ ಕಟ್ಟುವಾಗ ಮಕ್ಕಳಿಗೆ ಅಂತ ಏನಾದ್ರೂ ಒಂದು ಹಾಕ್ಲೇಬೇಕಲ್ಲ. ಈಚೆಗೆ ನಮ್ಮವರ ಪೆಟ್ಟಿಗೆಗಳಲ್ಲಿ ಚಾಕೊಲೇಟು, ಖರ್ಜೂರದ ಪಕ್ಕದಲ್ಲಿ ಮ್ಯಾಜಿಕ್ ಸೆಟ್ಟೂ ಕಾಣ್ತಿದೆ. 'ನೂರು ಜಾದೂ ಒಂದೇ ಡಬ್ಬಿಯಲ್ಲಿ' ಅಂತ ಮೇಲೆ ಬರೆದಿರುತ್ತೆ. ನಾವೂ ಒಯ್ದಿದ್ದೇವೆ. ಒಳಗಿರುವ ಸಾಮಾನು ದೊಡ್ಡವರ ಬೆರಳಿನ ಅಳತೆಯದ್ದು, ವಿವರಣೆ ಮಗುವಿಗೆ ಓದಲು ಬಾರದ ಇಂಗ್ಲಿಷಿನಲ್ಲಿ. ಎರಡು ದಿನ ಆಡಿ ಅಟ್ಟಕ್ಕೆ ಹೋಗುತ್ತೆ.

ಹೋದ ವರ್ಷ ನಮ್ಮ ಕೂಟದ ರಾಜ್ಯೋತ್ಸವದಲ್ಲಿ ಆದದ್ದನ್ನು ಮುಚ್ಚಿಡದೆ ಹೇಳ್ತೇವೆ. ಇಲ್ಲೇ ದುಬೈಯಲ್ಲಿ ಸಂಸಾರ ಇಟ್ಟಿರುವ ಗೆಳೆಯರೊಬ್ಬರ ಏಳು ವರ್ಷದ ಹುಡುಗನಿಗೆ ನಾವೇ ಉತ್ಸಾಹದಿಂದ ನಾಣ್ಯ ಮಾಯ ಮಾಡೋದನ್ನು ಕಲಿಸಿ ವೇದಿಕೆ ಹತ್ತಿಸಿದ್ವಿ. ನಾಣ್ಯವನ್ನು ಅಂಗೈಯಲ್ಲೇ ಒತ್ತಿ ಹಿಡಿದು ಕೈ ಖಾಲಿ ಅನ್ನುವಂತೆ ತೋರಿಸುವ ಕೈಚಳಕ ಅದು. ಒಂದು ದಿರ್ಹಮ್ ನಾಣ್ಯ ನಮ್ಮ ಅಂಗೈಗೆ ಸರಿ, ಅವನ ಅಂಗೈಯಲ್ಲಿ ನಿಲ್ಲಲಿಲ್ಲ. ಠಣ್ ಅಂತ ಬಿತ್ತು. ಮುಂದಿನ ಸಾಲಿನವರು ನಕ್ಕರು. ಪರದೆ ಹಿಂದೆ ಹೋದ ಹುಡುಗ ಊಟಕ್ಕೂ ಬರಲಿಲ್ಲ. ತಪ್ಪು ಅವನದಲ್ಲ, ಆರಿಸಿದ ನಮ್ಮದು. ಕುದ್ರೋಳಿ ಗಣೇಶ್ ಅವರಂಥವರ ಪ್ರದರ್ಶನ ನೋಡಿ ಬೆಳೆದ ನಾವು, ನಮಗೆ ಬೆರಗು ಹುಟ್ಟಿಸಿದ್ದನ್ನೇ ಮಗುವಿಗೆ ಕೊಡಲು ಹೊರಟಿದ್ವಿ. ಆ ಕೈಯ ಹಿಂದೆ ಎಷ್ಟು ವರ್ಷದ ಅಭ್ಯಾಸ ಇರುತ್ತೆ ಅನ್ನೋದು ನೆನಪಾಗಲಿಲ್ಲ.

ಅಂದಿನಿಂದ ನಾವು ಒಂದೇ ಮಾತು ಹೇಳ್ತೇವೆ: ಮೊದಲ ಜಾದೂ ತಾನಾಗೇ ಆಗುವಂಥದ್ದಿರಲಿ. ಬೆರಳಿನ ಚುರುಕು ಬೇಡ, ಕ್ರಮ ತಪ್ಪದಿದ್ರೆ ಸಾಕು, ಅಂಥದ್ದು.

ಆರು ವರ್ಷದ ಮಗುವಿಗೆ ರಬ್ಬರ್ ಬ್ಯಾಂಡಿಗಿಂತ ಒಳ್ಳೆಯದು ನಮಗಿನ್ನೂ ಸಿಕ್ಕಿಲ್ಲ. ತೋರುಬೆರಳು, ನಡುಬೆರಳು ಎರಡಕ್ಕೂ ಸೇರಿಸಿ ಬುಡದಲ್ಲಿ ಬ್ಯಾಂಡ್ ಹಾಕಿ. ಅಂಗೈ ನಿಮ್ಮ ಕಡೆಗಿರಲಿ. ಇನ್ನೊಂದು ಕೈಯಿಂದ ಬ್ಯಾಂಡನ್ನು ನಿಮ್ಮತ್ತ ಎಳೆದು, ನಾಲ್ಕೂ ಬೆರಳಿನ ತುದಿಗಳನ್ನು ಅದರೊಳಗೆ ತೂರಿಸಿ ಮುಷ್ಟಿ ಕಟ್ಟಿ ಬಿಡಿ. ಎದುರಿನವರಿಗೆ ಎರಡೇ ಬೆರಳಲ್ಲಿ ಬ್ಯಾಂಡ್ ಇದ್ದ ಹಾಗೆ ಕಾಣುತ್ತೆ. ಮುಷ್ಟಿ ಬಿಚ್ಚಿದ ಕೂಡಲೇ ಅದು ಉಂಗುರಬೆರಳು, ಕಿರುಬೆರಳಿಗೆ ಹಾರುತ್ತೆ. ಮಕ್ಕಳ ಕೈಗೆ ಬಿಗಿಯಾದದ್ದು ಬೇಡ, ಸ್ವಲ್ಪ ಸಡಿಲ ಇರುವುದನ್ನು ಹುಡುಕಿ.

ನಮ್ಮ ರೂಮಿನ ಒಬ್ಬರ ಮಗಳು ರಾಯಚೂರು ಕಡೆಯ ಹಳ್ಳಿಯಲ್ಲಿದ್ದಾಳೆ. ಅಪ್ಪ ಫೋನ್ ಮಾಡಿದ್ರೆ 'ಹೂಂ', 'ಊಟ ಆಯ್ತು' ಬಿಟ್ಟು ಮೂರನೇ ಮಾತಿಲ್ಲ. ಎರಡು ವರ್ಷಕ್ಕೊಮ್ಮೆ ನೋಡುವ ಅಪ್ಪನ ಹತ್ರ ಮಗು ಏನು ಮಾತಾಡೀತು? ಅವರು ವಿಡಿಯೋ ಕರೆಯಲ್ಲಿ ಈ ಬ್ಯಾಂಡ್ ಹಾರಿಸಿ ತೋರಿಸಿದ್ರು. ಮಾರನೇ ದಿನ ಅವಳೇ ಅಮ್ಮನ ಫೋನಿಂದ ಕರೆ ಮಾಡಿಸಿದ್ಲು. ಕಲಿಸೋಕೆ ನಾಲ್ಕು ದಿನ ಹಿಡೀತು, ನಾಲ್ಕೂ ದಿನ ಮಾತು ನಡೀತು.

ಕರೆಯಲ್ಲಿ ಕಲಿಸುವವರಿಗೆ ಒಂದೆರಡು ಸಂಗತಿ. ಸೆಲ್ಫಿ ಕ್ಯಾಮೆರಾದಲ್ಲಿ ಮಗುವಿಗೆ ತನ್ನ ಚಿತ್ರ ಕನ್ನಡಿಯಂತೆ ಎಡಬಲ ತಿರುಗಿ ಕಾಣುತ್ತೆ. ಹಾಗಾಗಿ 'ಬಲಗೈ' ಅನ್ನಬೇಡಿ, 'ಊಟ ಮಾಡೋ ಕೈ' ಅನ್ನಿ. ಕ್ಯಾಮೆರಾಕ್ಕೆ ಒಂದೇ ಕಣ್ಣು. ಪಕ್ಕದಿಂದ ಇಣುಕಿ ಗುಟ್ಟು ಕಂಡುಹಿಡಿಯುವವರಿಲ್ಲ, ಇದು ಕಲಿಯುವವರಿಗೆ ಲಾಭವೇ. ಇನ್ನು ಹೊತ್ತು. ನಮ್ಮಲ್ಲಿ ರಾತ್ರಿ ಎಂಟೂವರೆ ಅಂದ್ರೆ ಊರಲ್ಲಿ ಹತ್ತು. ಕೆಲಸ ಮುಗಿಸಿ ಬಂದವರು ಸ್ನಾನ, ಅಡುಗೆ ಆಮೇಲಿಟ್ಟುಕೊಂಡು ಮೊದಲು ಕರೆ ಮಾಡಿದ್ರೆ ಮಗು ಎದ್ದಿರುತ್ತೆ.

ಎಂಟು ವರ್ಷ ದಾಟಿದವರಿಗೆ ಹಳೇ ಪೇಪರಿನ ಉಂಗುರ ಕೊಡಿ. ಎರಡು ಇಂಚು ಅಗಲ, ಒಂದು ಮೀಟರ್ ಉದ್ದದ ಮೂರು ಪಟ್ಟಿ ಬೇಕು, ಬೇಕಾದ್ರೆ ಎರಡೆರಡು ತುಂಡು ಅಂಟಿಸಿ ಉದ್ದ ಮಾಡಿ. ಮೊದಲನೆಯದರ ತುದಿಗಳನ್ನು ನೇರವಾಗಿ ಅಂಟಿಸಿ. ಎರಡನೆಯದಕ್ಕೆ ಅರ್ಧ ತಿರುವು ಕೊಟ್ಟು, ಮೂರನೆಯದಕ್ಕೆ ಒಂದು ಪೂರ್ತಿ ತಿರುವು ಕೊಟ್ಟು ಅಂಟಿಸಿ. ಮೂರನ್ನೂ ನಡುಗೆರೆಯಲ್ಲಿ ಸುತ್ತಲೂ ಕತ್ತರಿಸುತ್ತಾ ಹೋದ್ರೆ ಮೊದಲನೆಯದು ಎರಡು ಬಿಡಿ ಉಂಗುರ ಆಗುತ್ತೆ, ಎರಡನೆಯದು ಎರಡು ಪಟ್ಟು ಉದ್ದದ ಒಂದೇ ಉಂಗುರ, ಮೂರನೆಯದು ಸರಪಣಿಯಂತೆ ಒಂದಕ್ಕೊಂದು ಸಿಕ್ಕಿಕೊಂಡ ಎರಡು ಉಂಗುರ. ಅರ್ಧ ತಿರುವಿನ ಈ ಪಟ್ಟಿಯನ್ನು 1858ರಲ್ಲಿ ಜರ್ಮನಿಯ ಮೋಬಿಯಸ್, ಲಿಸ್ಟಿಂಗ್ ಎಂಬಿಬ್ಬರು ಗಣಿತಜ್ಞರು ಬೇರೆ ಬೇರೆಯಾಗಿ ಕಂಡುಕೊಂಡರು; ಜಾದೂಗಾರರು ಇದನ್ನೇ ಅಫ್ಘನ್ ಬ್ಯಾಂಡ್ ಅಂತಾರೆ. ಪಟ್ಟಿ ಉದ್ದ ಇದ್ದಷ್ಟೂ ತಿರುವು ಎದ್ದು ಕಾಣೋದಿಲ್ಲ. ಕತ್ತರಿ ಮೊಂಡು ಮೂತಿಯದಿರಲಿ.

ಲೆಕ್ಕದಲ್ಲಿ ಆಸಕ್ತಿ ಇರುವ ಮಗುವಿಗೆ 1089 ಇದೆ. ಮೂರಂಕಿಯ ಸಂಖ್ಯೆ ಬರೆಸಿ, ಮೊದಲ ಮತ್ತು ಕೊನೆ ಅಂಕಿಗಳ ನಡುವೆ ಕನಿಷ್ಠ ಎರಡರ ವ್ಯತ್ಯಾಸ ಇರಲಿ. 732 ಅನ್ನಿ. ತಿರುಗಿಸಿ 237, ಕಳೆದ್ರೆ 495. ಅದನ್ನೂ ತಿರುಗಿಸಿ 594 ಕೂಡಿಸಿದ್ರೆ 1089. ಯಾವ ಸಂಖ್ಯೆ ತಗೊಂಡ್ರೂ ಉತ್ತರ ಅದೇ. ಮೊದಲೇ ಚೀಟಿಯಲ್ಲಿ ಬರೆದು ಅಜ್ಜನ ಜೇಬಿಗೆ ಹಾಕಿಟ್ರೆ ಆಯ್ತು. ಇಸ್ಪೀಟೆಲೆಯ ಜಾದೂಗಳೂ ಒಳ್ಳೆಯವೇ, ಆದ್ರೆ ಕೆಲವು ಮನೆಗಳಲ್ಲಿ ಮಗುವಿನ ಕೈಯಲ್ಲಿ ಎಲೆ ಕಂಡ್ರೆ ಬೈಗುಳ ಗ್ಯಾರಂಟಿ.

ಬೇಡದ್ದನ್ನು ಗಟ್ಟಿಯಾಗೇ ಹೇಳ್ತೇವೆ. ಬೆಂಕಿ, ಬ್ಲೇಡು, ಸೂಜಿ, ಬಾಯೊಳಗೆ ಏನನ್ನಾದ್ರೂ ಬಚ್ಚಿಡುವ ಆಟ ಯಾವುದೂ ಬೇಡ. ಚಿಕ್ಕ ಶಕ್ತಿಯುತ ಅಯಸ್ಕಾಂತಗಳು ಎರಡು ಹೊಟ್ಟೆಗೆ ಹೋದ್ರೆ ಕರುಳಿನ ಗೋಡೆಯ ಆಚೀಚೆಯಿಂದ ಒಂದನ್ನೊಂದು ಎಳೆದು ತೂತು ಮಾಡಬಲ್ಲವು. ಬೆಳಕು ಹೊತ್ತಿಸುವ ಹುಸಿ ಹೆಬ್ಬೆರಳಿನೊಳಗಿನ ಗುಂಡಿ ಬ್ಯಾಟರಿ ನುಂಗಿದ್ರೆ ಅನ್ನನಾಳವನ್ನೇ ಸುಡಬಹುದು. ಮನೆಯಲ್ಲಿ ಕೂಸು ಇದ್ರಂತೂ ಅಂಥ ಸೆಟ್ ಅಂಗಡಿಯಲ್ಲೇ ಇರಲಿ.

ಆಟ ನೋಡಿದವರೆಲ್ಲ 'ಇನ್ನೊಂದ್ಸಲ ಮಾಡು' ಅಂತಾರೆ. ಎರಡನೇ ಸಲ ಅವರ ಕಣ್ಣಿಗೆ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತೆ. ಅದಕ್ಕೇ ಮಗುವಿಗೆ ಎರಡು ಆಟ ಕಲಿಸಿ, ಬ್ಯಾಂಡ್ ಆದ ಮೇಲೆ ಉಂಗುರ ತೆಗೀಲಿ. ಗುಟ್ಟು ಅಜ್ಜಿಗೊಬ್ಬಳಿಗೆ ಹೇಳಬಹುದು ಅನ್ನೋದು ನಮ್ಮ ಅಭಿಪ್ರಾಯ. ಇಲ್ದಿದ್ರೆ ಕೆಲವು ಅಜ್ಜಿಯರು ಮಾಟ ಅಂತ ಹೆದರಿಕೊಂಡು ದೃಷ್ಟಿ ತೆಗೆಯೋಕೆ ಕೂತುಬಿಡ್ತಾರೆ.

ನಮ್ಮ ಆ ಹುಡುಗ ಈಗ ಪೇಪರ್ ಉಂಗುರ ಕತ್ತರಿಸ್ತಾನೆ. ವೇದಿಕೆ ಮಾತೆತ್ತಿದ್ರೆ ಮಾತ್ರ ಇನ್ನೂ ತಲೆ ಅಲ್ಲಾಡಿಸ್ತಾನೆ, ರೂಮಿನಲ್ಲಿ ನಾಲ್ಕು ಜನರೆದುರು ಆದ್ರೆ ಸರಿಯಂತೆ.